ಹಾಡದ ಎಂಜಿನ್

ಮಾರ್ಚ್ ೪

ಅಣ್ಣನಿಗೆ,

ಮೂರು ವರ್ಷ ಬಿಟ್ಟು ಕಾಗದ ಬರೆಯುತ್ತಿದ್ದೇನೆ, ಅದೂ ನನ್ನ ಕೆಲಸಕ್ಕೆ. ಸ್ವಾರ್ಥಿ ಅಂದುಕೋ, ಬೇಜಾರಿಲ್ಲ. ನಮ್ಮ ಯಜಮಾನರು ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ, ಅಂಥ ಹೊತ್ತಿನಲ್ಲಿ ನಿನ್ನ ವರ್ಕ್‌ಶಾಪಿಗೆ ಬಂದು ಒಂದು ಮಾತು ಕೇಳಿದೆ. ನೀನು ತಲೆಯನ್ನೂ ಎತ್ತಲಿಲ್ಲ. ಸುಮ್ಮನಿದ್ದದ್ದೇ ಉತ್ತರ ಅಂದುಕೊಂಡು ಸಂಜೆಯ ಬಸ್ಸು ಹತ್ತಿದೆ. ಅದನ್ನು ಈ ಕಾಗದದಲ್ಲಿ ಎತ್ತಬಾರದು ಅಂತಲೇ ಕೂತಿದ್ದೆ, ಎತ್ತಿಯೇಬಿಟ್ಟೆ ನೋಡು. ಹೋಗಲಿ.

ವಿಷಯ ಏನೆಂದರೆ, ಚಳಿಗಾಲದಲ್ಲಿ ನನಗೆ ನ್ಯುಮೋನಿಯಾ ಆಗಿತ್ತು. ಈಗ ವಾಸಿಯಾಗಿದೆ, ಗಾಬರಿಯಾಗಬೇಡ. ಎಡಗಡೆಯ ಶ್ವಾಸಕೋಶ ಮಾತ್ರ ಇನ್ನೂ ಮುನಿಸಿಕೊಂಡೇ ಇದೆ. ಡಾಕ್ಟರು, "ಸಮತಟ್ಟು ರಸ್ತೇಲಿ ಎಷ್ಟು ಬೇಕಾದ್ರೂ ಸೈಕಲ್ ತುಳೀರಮ್ಮ. ಏರು ಮಾತ್ರ ಬೇಡ" ಅಂದರು. ನನಗೆ ನಗು ಬಂತು. ನನ್ನ ಅನ್ನ ಇರುವುದೇ ಏರಿನ ಮೇಲೆ. ಗುಡ್ಡದ ಸಾಲಿನ ಶಾಲೆಗಳಲ್ಲಿರುವ ಪಿಯಾನೋಗಳನ್ನೆಲ್ಲ ಶ್ರುತಿ ಮಾಡುವವಳು ನಾನೊಬ್ಬಳೇ. ಅಲ್ಲಿಗೆ ಬಸ್ಸಿಲ್ಲ. ಸ್ಕೂಟರ್ ತಗೋ ಅನ್ನುತ್ತೀಯ, ಹೊಳೆಗೆ ಅಡ್ಡಲಾಗಿರುವ ಕಾಲುಸೇತುವೆಯಲ್ಲಿ ಸೈಕಲ್ ತಳ್ಳಿಕೊಂಡು ಹೋಗುವಷ್ಟೇ ಜಾಗ. ಎದುರಿನಿಂದ ದಪ್ಪಗಿರುವವರು ಬಂದರೆ ಅದೂ ಇಲ್ಲ.

ಶಾಲೆಗಳ ಮೇಲ್ವಿಚಾರಕಿ ಒಳ್ಳೆಯ ಹೆಂಗಸೇ. "ಜುಲೈನಲ್ಲಿ ಹೊಸ ಒಪ್ಪಂದ ಬರೀಬೇಕು. ಅಷ್ಟರೊಳಗೆ ಒಂದು ಪೂರ್ತಿ ಸುತ್ತು ಮುಗಿಸಿ ತೋರಿಸಿ. ಆಗಲ್ಲ ಅಂದ್ರೆ ನಾನು ಪೇಟೆಯಿಂದ ಬೇರೆ ಯಾರನ್ನಾದ್ರೂ ಕರೆಸಲೇಬೇಕು, ತಪ್ಪು ತಿಳ್ಕೋಬೇಡಿ" ಅಂದಿದ್ದಾಳೆ. ಹಾಗಾದರೆ ನನಗೆ ಉಳಿಯುವುದು ಪೇಟೆಯ ವಾದ್ಯದಂಗಡಿಯ ಕೌಂಟರು. ಶ್ರುತಿಯೇ ಬೇಡದ ಕರೆಂಟಿನ ಕೀಬೋರ್ಡುಗಳ ಧೂಳು ಒರೆಸಿ ಮಾರುವ ಕೆಲಸ. ಈ ಮನೆ ಬಿಟ್ಟು ಅಲ್ಲೇ ಎಲ್ಲೋ ಒಂದು ಕೋಣೆ ಹಿಡಿಯಬೇಕು. ಅಣ್ಣ, ನನಗೆ ಅದು ಸುತರಾಂ ಬೇಡ.

ಸೈಕಲ್ಲಿಗೆ ಸಣ್ಣ ಎಂಜಿನ್ ಕೂರಿಸುತ್ತಾರಂತೆ. ಯಾವುದನ್ನು ತಗೊಳ್ಳಲಿ? ನಡುದಾರಿಯಲ್ಲಿ ಕೈಕೊಡದಂಥದ್ದು ಬೇಕು. ನಿನಗೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಅದಕ್ಕೇ ಕಾಗದ.

ಇತಿ,
ತಂಗಿ


ಮಾರ್ಚ್ ೧೯

ಪುಟ್ಟಿ,

ಕ್ಷೇಮವೇ ಅಂತ ಕೇಳದೆ, ಕ್ಷೇಮ ಅಂತ ಹೇಳದೆ, ನೇರ ಎಂಜಿನ್ನಿಗೇ ಬಂದಿದ್ದೀಯ. ಅಪ್ಪನ ಮಗಳೇ ಸರಿ. ನ್ಯುಮೋನಿಯಾ ಆದಾಗ ಯಾಕೆ ತಿಳಿಸಲಿಲ್ಲ, ಕತ್ತೆ? ನಾನೇನು ಸತ್ತುಹೋಗಿದ್ದೆನೆ?

ಅವತ್ತಿನ ಮಾತು ಎತ್ತಬಾರದು ಅಂತ ನೀನೇ ಅಂದಮೇಲೆ ನಾನೂ ಎತ್ತುವುದಿಲ್ಲ. ಫೋನ್ ಮಾಡುವ ತೊಂದರೆಯನ್ನೂ ತಗೋಬೇಡ. ವರ್ಕ್‌ಶಾಪಿನ ಗಲಾಟೆಯಲ್ಲಿ ನೀನು ಒಂದು ಹೇಳುವುದು, ನಾನು ಇನ್ನೊಂದು ಮಾಡುವುದು. ಎಂಜಿನ್ನಿನ ವಿಷಯ ಬರವಣಿಗೆಯಲ್ಲಿದ್ದರೇ ಕ್ಷೇಮ.

ಎಂಜಿನ್ ಆಮೇಲೆ. ಮೊದಲು ಬ್ರೇಕು ನೋಡು. ಎಲ್ಲರೂ ಹತ್ತುವುದನ್ನೇ ಯೋಚಿಸುತ್ತಾರೆ, ಹತ್ತಿದವರೆಲ್ಲ ಇಳಿಯಲೇಬೇಕು ಅನ್ನುವುದು ಮೇಲೆ ಹೋದಮೇಲೆ ನೆನಪಾಗುತ್ತದೆ. ಎರಡೂ ಚಕ್ರಕ್ಕೆ ಹೊಸ ಬ್ರೇಕು ಹಾಕಿಸು, ಜಿಪುಣತನ ಮಾಡಬೇಡ. ಹಿಂದಿನ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟು. ಸಡಿಲವಾಗಿರುವುದು ನಿನಗೆ ತಾನಾಗಿ ಗೊತ್ತಾಗುತ್ತದೆ, ತಂತಿ ಬಿಗಿಯುವುದನ್ನು ನಿನಗೆ ನಾನು ಹೇಳಿಕೊಡಬೇಕೆ?

ಇನ್ನು ಎಂಜಿನ್. "ಇದಕ್ಕೆ ಭಾರಿ ಪವರ್ ಇದೆ ಮೇಡಂ" ಅಂದರೆ ಅದು ನಿನಗಲ್ಲ. ಸೈಕಲ್ ಪಾಪ, ಮನುಷ್ಯರ ಕಾಲಿನ ಬಲಕ್ಕೆ ಹುಟ್ಟಿದ್ದು. ಅದರ ಮೇಲೆ ರಾಕ್ಷಸನನ್ನು ಕೂರಿಸಿದರೆ ಎಂಜಿನ್ ಗಟ್ಟಿಯಾಗಿಯೇ ಇರುತ್ತದೆ, ಸೈಕಲ್ ಮುರಿಯುತ್ತದೆ. ಟೈರಿಗೆ ರೋಲರ್ ಒತ್ತಿ ಓಡಿಸುವಂಥದ್ದು ಅಗ್ಗ, ಕೂರಿಸುವುದೂ ಸುಲಭ, ಆದರೆ ಮಳೆ ಬಂದರೆ ಜಾರುತ್ತದೆ. ಚೈನಿನದ್ದೇ ಇರಲಿ. ಅಂಗಡಿಯವನು "ಕಣ್ಮುಚ್ಕೊಂಡು ತಗೊಳ್ಳಿ" ಅಂದರೆ ಕಣ್ಣು ಬಿಟ್ಟುಕೊಂಡು ಹೊರಗೆ ಬಾ. ನೋಡಿ ಬರೆ, ಆಮೇಲೆ ಹೇಳುತ್ತೇನೆ. ನನ್ನನ್ನು ಕೇಳದೆ ಏನನ್ನೂ ಕೊಳ್ಳಬೇಡ.

ಬಿಸಿನೀರು ಕುಡಿ. ಎದೆಗೆ ಉಣ್ಣೆ ಕಟ್ಟಿಕೋ.

ಅಣ್ಣ


ಏಪ್ರಿಲ್ ೨

ಅಣ್ಣನಿಗೆ,

ಕ್ಷೇಮ. ನೀನೂ ಕ್ಷೇಮವೆಂದು ನಂಬಿದ್ದೇನೆ. ಆಯಿತಾ, ಸಮಾಧಾನವಾಯಿತಾ?

ಕಡ್ಡಿ ಮೀಟಿದೆ. ಅಯ್ಯೋ ಅಣ್ಣ, ಇಷ್ಟು ವರ್ಷ ನಾನು ಎಂಥ ಅಪಸ್ವರದ ಮೇಲೆ ಕೂತು ತಿರುಗಿದ್ದೇನೆ! ಒಂದು ಮಧ್ಯಾಹ್ನವೆಲ್ಲ ಅಂಗಳದಲ್ಲಿ ಕೂತು ಒಂದೊಂದನ್ನೇ ಬಿಗಿದು ಎಲ್ಲವನ್ನೂ ಒಂದೇ ಸ್ವರಕ್ಕೆ ತಂದೆ. ಚಕ್ರದ ಓಲಾಟ ಪೂರ್ತಿ ಹೋಗಿಬಿಟ್ಟಿತು. ನಮ್ಮ ಬೀದಿಯ ಸೈಕಲ್ ಅಂಗಡಿಯಾಕೆ ತಿರುಗಿಸಿ ನೋಡಿ, "ಯಾರ ಹತ್ರ ಮಾಡಿಸಿದ್ರಿ?" ಅಂತ ಕೇಳಿದಳು. ಜಂಬದಿಂದ ಏನೂ ಹೇಳಲಿಲ್ಲ.

ಪೇಟೆಯಲ್ಲಿ ಮೂರು ಎಂಜಿನ್ ನೋಡಿದೆ. ಒಂದು ಕೆಮ್ಮುತ್ತಿತ್ತು, ಥೇಟ್ ಜನವರಿಯ ನಾನು. ಇನ್ನೊಂದು ಗೊರಕೆ. ಮೂರನೆಯದನ್ನು ಅಂಗಡಿಯವನು ಶುರು ಮಾಡಿದ ಕೂಡಲೇ ನನಗೆ ಮೈ ಜುಮ್ಮೆಂದಿತು. ಅಣ್ಣ, ಅದು ಹಾಡುತ್ತದೆ. ಎತ್ತರದ, ತೆಳ್ಳಗಿನ, ಒಂಚೂರೂ ನಡುಗದ ದನಿ. ಕಣ್ಣು ಮುಚ್ಚಿ ಎಷ್ಟೋ ಹೊತ್ತು ಕೇಳಿದೆ, ಸ್ವರ ಕೂದಲೆಳೆಯಷ್ಟೂ ಜಾರಲಿಲ್ಲ. ಇಷ್ಟು ಶುದ್ಧವಾಗಿ ನುಡಿಯುವ ಯಂತ್ರದ ಒಳಗೆ ದೋಷ ಇರಲು ಹೇಗೆ ಸಾಧ್ಯ? ಮೂವತ್ತು ವರ್ಷ ಈ ಕಿವಿಯನ್ನು ನಂಬಿ ಬದುಕಿದ್ದೇನೆ. ಮುಂದಿನ ವಾರ ಬಂದು ಒಯ್ಯುತ್ತೇನೆ ಅಂತ ಹೇಳಿ ಬಂದಿದ್ದೇನೆ. ನಿನ್ನನ್ನು ಕೇಳಿಯೇ ಕೊಳ್ಳುತ್ತಿದ್ದೇನಲ್ಲ, ಇಗೋ ಕೇಳಿದ್ದೇನೆ. ಬೇಗ ಹೂಂ ಅನ್ನು.

ತಂಗಿ


ಏಪ್ರಿಲ್ ೬

ಪುಟ್ಟಿ,

ಊಹೂಂ. ಬೇಡ. ಬೇಡವೇ ಬೇಡ. ಈ ಕಾಗದ ತಲುಪುವ ಮೊದಲೇ ತಂದುಬಿಟ್ಟಿದ್ದರೆ ಹೋಗಿ ವಾಪಸ್ ಕೊಟ್ಟು ಬಾ.

ಹಾಡುವ ಎಂಜಿನ್ ಅಂದರೆ ಉಪವಾಸ ಇರುವ ಎಂಜಿನ್ ಕಣೇ. ಅದು ಎಣ್ಣೆ ಬೆರೆಸಿದ ಪೆಟ್ರೋಲು ಕುಡಿಯುವ ಜಾತಿ. ಅಂಗಡಿಯವನು ಗಾಳಿ ಜಾಸ್ತಿ ಬಿಟ್ಟು ಪೆಟ್ರೋಲು ಕಮ್ಮಿ ಮಾಡಿಟ್ಟಿರುತ್ತಾನೆ. ಆಗ ದನಿ ಏರುತ್ತದೆ, ತೆಳ್ಳಗಾಗುತ್ತದೆ, ಕೊಳ್ಳುವವರ ಮುಖ ಅರಳುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಪೆಟ್ರೋಲು ಕಮ್ಮಿ ಅಂದರೆ ಎಣ್ಣೆಯೂ ಕಮ್ಮಿ. ಅಂಗಡಿಯಲ್ಲಿ ನಿಂತ ಜಾಗದಲ್ಲಿ ಚೆಂದ ಓಡುತ್ತದೆ. ನಿನ್ನ ಗುಡ್ಡದ ಅರ್ಧಕ್ಕೆ ಹೋಗುವಷ್ಟರಲ್ಲಿ ಕಾದು, ಪಿಸ್ಟನ್ ಉಬ್ಬಿ, ಒಳಗೇ ಕಚ್ಚಿಕೊಳ್ಳುತ್ತದೆ. ಹಿಂದಿನ ಚಕ್ರ ಗಕ್ಕನೆ ನಿಲ್ಲುತ್ತದೆ. ನೀನು ಎಲ್ಲಿ ಹೋಗಿ ಬೀಳುತ್ತೀಯೋ ಅದನ್ನು ಬರೆಯಲು ನನ್ನ ಕೈ ಬರುವುದಿಲ್ಲ. ಲೋಕದಲ್ಲಿ ಎಂಜಿನ್ನನ್ನು ರಾಗ ನೋಡಿ ಆರಿಸುವವಳು ನೀನೊಬ್ಬಳೇ ಇರಬೇಕು. ನೀನು ಹಾಡುಗಾರನನ್ನು ಹುಡುಕಿದ್ದೀಯ, ನಿನಗೆ ಬೇಕಿರುವುದು ಹಮಾಲಿ.

ನಾನೇ ಒಂದನ್ನು ಲಾರಿಗೆ ಹಾಕಿಸುತ್ತಿದ್ದೇನೆ. ನೋಡಲು ಸೊಟ್ಟ ಮೋರೆ. ಬಳಸಿದ್ದು, ಆದರೆ ನಾನೇ ಪೂರ್ತಿ ಬಿಚ್ಚಿ ಕಟ್ಟಿದ್ದು. ನೀರೆತ್ತುವ ಸಣ್ಣ ಪಂಪಿಗೂ ಹುಲ್ಲು ಕತ್ತರಿಸುವ ಯಂತ್ರಕ್ಕೂ ಹಾಕುವುದು ಇದನ್ನೇ, ಹಾಗಾಗಿ ಬಿಡಿಭಾಗ ಯಾವ ಮೂಲೆಯಲ್ಲಾದರೂ ಸಿಗುತ್ತದೆ. ಪೆಟ್ರೋಲು ಬೇರೆ, ಎಣ್ಣೆ ಬೇರೆ, ಬೆರೆಸುವ ತಾಪತ್ರಯವಿಲ್ಲ. ಬೆಳಗ್ಗೆ ತಣ್ಣಗಿದ್ದಾಗ ಹಗ್ಗ ಎಳೆದೆ, ಒಂದೇ ಎಳೆತಕ್ಕೆ ಹೊತ್ತಿಕೊಂಡಿತು. ಪಕ್ಕದಲ್ಲಿ ಬಟ್ಟಲು ತುಂಬ ನೀರಿಟ್ಟು ನೋಡಿದೆ, ತುಳುಕಲಿಲ್ಲ. ಸದ್ದಂತೂ ಕೇಳಲೇಬೇಡ, ಬೆಕ್ಕು ನಡೆದ ಹಾಗೆ.

ಅಣ್ಣ


ಮೇ ೨೧

ಅಣ್ಣನಿಗೆ,

ಹತ್ತಿದೆ! ಗುಡ್ಡದ ತುದಿಯ ಶಾಲೆಯವರೆಗೂ ಹತ್ತಿದೆ!

ಸೈಕಲ್ ಅಂಗಡಿಯಾಕೆ ನಿನ್ನ ಸೊಟ್ಟಮೋರೆಯವನನ್ನು ಕೂರಿಸಿಕೊಟ್ಟಳು. ಎಂಜಿನ್ ಜೊತೆ ನೀನು ಚೀಟಿಯಲ್ಲಿ ಬರೆದು ಕಳಿಸಿದ ಹಾಗೇ ಕೆಳಗೆ ರಬ್ಬರ್ ಕೊಟ್ಟು ಬಿಗಿದಳು. ಮೊದಲ ದಿನ ಸಮತಟ್ಟಿನಲ್ಲಿ, ಎರಡನೆಯ ದಿನ ಸಣ್ಣ ದಿಣ್ಣೆ, ನಿನ್ನೆ ಪೂರ್ತಿ. ಹಿಂದೆಲ್ಲ ಇಳಿದು ತಳ್ಳುತ್ತಿದ್ದ ತಿರುವಿನಲ್ಲಿ ಅಭ್ಯಾಸಬಲದಿಂದ ಒಂದು ಕಾಲು ಕೆಳಗಿಟ್ಟೆ. ಅದು ನನ್ನನ್ನು ಕೇಳದೆ ಮುಂದೆ ಹೋಗುತ್ತಲೇ ಇತ್ತು. ನಗುತ್ತ ಹೋದೆ. ಆಮೇಲೆ ಯಾಕೋ ಅಳು ಬಂತು, ರಸ್ತೆಯಲ್ಲಿ ಯಾರೂ ಇರಲಿಲ್ಲ, ಅತ್ತುಕೊಂಡೇ ಹತ್ತಿದೆ. ಮೇಲೆ ಹೋಗಿ ಉಸಿರೆಳೆದರೆ ಎದೆ ನೋಯಲಿಲ್ಲ ಅಣ್ಣ.

ಆದರೆ ಇದಕ್ಕೆ ಬೆಕ್ಕು ಅಂದೆಯಲ್ಲ ಮಾರಾಯ, ಯಾವ ಬೆಕ್ಕು? ತಗಡಿನ ಡಬ್ಬಿಗೆ ಮೊಳೆ ತುಂಬಿ ಕುಲುಕಿದ ಹಾಗೆ ಗಲಗಲಗಲ ಅನ್ನುತ್ತದೆ. ನಾನು ಇನ್ನೂ ಸೇತುವೆಯ ಆಚೆ ಇರುವಾಗಲೇ ಶಾಲೆಯ ಕಿಟಕಿಗಳಲ್ಲೆಲ್ಲ ಮಕ್ಕಳ ತಲೆ. "ಪಾತ್ರೆ ಮಾರೋರು ಬಂದ್ರು" ಅಂತ ಕೂಗಿದವು. ಸೈಲೆನ್ಸರ್ ಮೇಲೆ ಮುಚ್ಚಿರುವ ತೆಳ್ಳನೆಯ ತಗಡಿಗೆ ಒಂದು ಸ್ಕ್ರೂ ಇಲ್ಲ. ಲಾರಿಯಲ್ಲಿ ಬಿದ್ದಿರಬೇಕು ಅಂದುಕೊಂಡೆ. ಆದರೆ ಸ್ಕ್ರೂ ಇರಬೇಕಾದ ತೂತಿನೊಳಗೆ ತುಕ್ಕು ಕಟ್ಟಿದೆ. ಎಷ್ಟೋ ದಿನದಿಂದ ಇಲ್ಲ. ನೀನು ಶುರು ಮಾಡಿ ನೋಡಿದಾಗಲೂ ಇದೇ ಸಂಗೀತ ಇದ್ದಿರಬೇಕಲ್ಲ?

ತಮಾಷೆಗೆ ಕೇಳಿದೆ. ಎಂಜಿನ್ ಬಂಗಾರದಂಥದ್ದು.

ತಂಗಿ


ಜೂನ್ ೨

ತಂಗಿಗೆ,

ಲಾರಿಯಲ್ಲೇ ಬಿದ್ದಿರಬೇಕು. ಸ್ಕ್ರೂ ಕಳಿಸಿದ್ದೇನೆ. ಇಷ್ಟವಾಗದಿದ್ದರೆ ಎಂಜಿನ್ ವಾಪಸ್ ಕಳಿಸು, ಬೇರೆ ಯಾರ ಹತ್ತಿರವಾದರೂ ಒಳ್ಳೆಯದನ್ನು ತಗೋ.

ಅಣ್ಣ


ಜೂನ್ ೧೫

ಪ್ರೀತಿಯ ಅಣ್ಣ,

ನಿನ್ನ ಮೂರು ಸಾಲಿನ ಕಾಗದಕ್ಕೆ ಮೊದಲು ಸಿಟ್ಟು ಬಂತು. ಹಳೇ ಚಾಳಿ, ಮತ್ತೆ ತಲೆ ಎತ್ತಲಿಲ್ಲ ಇವನು ಅಂದುಕೊಂಡೆ. ಸ್ಕ್ರೂ ಹಾಕಲು ಕೂತೆ. ಹಾಕುವ ಮೊದಲು ಇನ್ನೊಂದು ಸಲ ಎಂಜಿನ್ ಶುರು ಮಾಡಿದೆ. ಆ ಗಲಗಲದಲ್ಲಿ ಗೋಡೆಯ ಮೇಲಿದ್ದ ಪಾರಿವಾಳಗಳು ಹಾರಿಹೋದವು. ಎದುರುಮನೆಯ ಮುದುಕಿ ಬಾಗಿಲು ಹಾಕಿಕೊಂಡಳು. ನಾನು ಕೈಯಲ್ಲಿ ಸ್ಕ್ರೂ ಹಿಡಿದು ಹಾಗೇ ಕೂತುಬಿಟ್ಟೆ.

ಇದನ್ನು ನನ್ನ ಅಣ್ಣ ಬೆಂಚಿನ ಮೇಲಿಟ್ಟು, ಪಕ್ಕದಲ್ಲೇ ನಿಂತು, ಬೆಕ್ಕು ನಡೆದ ಹಾಗಿದೆ ಅಂತ ಬರೆದ. ನೀನು ಸುಳ್ಳು ಹೇಳುವವನಲ್ಲ. ಕೆಲಸದಲ್ಲಂತೂ ಸತ್ತರೂ ಹೇಳುವವನಲ್ಲ. ಹಾಗಾದರೆ ನಿನಗೆ ಅದು ಹಾಗೇ ಇತ್ತು. ಫೋನ್ ಬೇಡ ಅಂದದ್ದು, ಬಟ್ಟಲಿನಲ್ಲಿ ನೀರಿಟ್ಟು ನೋಡಿದ್ದು, ಎಲ್ಲ ಒಟ್ಟಿಗೇ ತಲೆಗೆ ಬಂತು.

ಅಣ್ಣ, ನೇರ ಕೇಳುತ್ತೇನೆ. ನಿನಗೆ ಕಿವಿ ಕೇಳಿಸುತ್ತಿಲ್ಲ ಅಲ್ಲವಾ?

ಹೌದಾದರೆ ಇದನ್ನೂ ಹೇಳಿಬಿಡುತ್ತೇನೆ. ಅವತ್ತು ವರ್ಕ್‌ಶಾಪಿನಲ್ಲಿ ಮೆಷಿನ್ನುಗಳೆಲ್ಲ ನಿಂತಿದ್ದವು. ನೀನು ನನಗೆ ಬೆನ್ನು ಹಾಕಿ, ವೈಸಿಗೆ ಏನನ್ನೋ ಬಿಗಿದು ಅರ ಹಾಕಿ ಉಜ್ಜುತ್ತಿದ್ದೆ. ಅಷ್ಟು ನಿಶ್ಶಬ್ದ ಇದ್ದದ್ದಕ್ಕೇ ನನಗೆ ಬಾಯಿ ಬಂತು. "ಅಣ್ಣಾ, ಆ ಮನೇಲಿ ಒಬ್ಬಳೇ ಇರೋಕಾಗ್ತಿಲ್ಲ. ನಿನ್ನ ಮಹಡಿ ಕೋಣೆ ಖಾಲಿ ಇದೆಯಲ್ಲ, ನಾನು ಬಂದು ಇದ್ದುಬಿಡ್ಲಾ?" ಅಂತ ಕೇಳಿದೆ. ನೀನು ಅರ ಹಾಕುತ್ತಲೇ ಇದ್ದೆ. ಇನ್ನೊಂದು ಸಲ ಕೇಳಲು ನನಗೆ ಮುಖವಿರಲಿಲ್ಲ. ಬಸ್ ಸ್ಟ್ಯಾಂಡಿಗೆ ನಡೆದುಬಿಟ್ಟೆ.

ಮೂರು ವರ್ಷ, ನಾನು ಯಾರಿಗೂ ಬೇಡವಾದವಳು ಅಂದುಕೊಂಡು ಬದುಕಿದೆ. ನಿನ್ನ ಕಿವಿ ಚೆನ್ನಾಗಿಯೇ ಇದ್ದರೆ ಈ ಕಾಗದ ಹರಿದುಹಾಕು, ಉತ್ತರ ಬರೆಯಬೇಡ.

ನಿನ್ನ
ಪುಟ್ಟಿ


ಜುಲೈ ೬

ನನ್ನ ಪುಟ್ಟಿಗೆ,

ಈ ಕಾಗದವನ್ನು ಎಷ್ಟು ಸಲ ಬರೆದು ಹರಿದೆನೋ. ಇವತ್ತು ಹರಿಯುವುದಿಲ್ಲ.

ಹೌದು ಕಣಮ್ಮ. ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿಯಲ್ಲಿ, ಎದುರಿಗೆ ನಿಂತು ಗಟ್ಟಿಯಾಗಿ ಅಂದರೆ ಅಷ್ಟಿಷ್ಟು. ಒಂದೇ ದಿನಕ್ಕೆ ಆದದ್ದಲ್ಲ, ಎಂಜಿನ್ನುಗಳ ನಡುವೆಯೇ ಮುದುಕನಾದೆನಲ್ಲ, ಅವು ಸ್ವಲ್ಪ ಸ್ವಲ್ಪವಾಗಿ ತಿಂದುಕೊಂಡವು. ಪಕ್ಕದ ಚಹಾ ಅಂಗಡಿಯಾಕೆಗೆ ಮಾತ್ರ ಗೊತ್ತು. ಅವಳು ಬೆರಳೆತ್ತಿ ಒಂದಾ ಎರಡಾ ಅಂತ ಕೇಳುತ್ತಾಳೆ, ನಾನು ಬೆರಳಲ್ಲೇ ಹೇಳುತ್ತೇನೆ. ಗಿರಾಕಿಗಳಿಗೆ ಹೇಳಿಲ್ಲ. ಕಿವುಡ ಮೆಕ್ಯಾನಿಕ್ಕಿನ ಹತ್ತಿರ ಯಾರು ಎಂಜಿನ್ ಬಿಡುತ್ತಾರೆ? ಈಗ ಕೈಯಿಂದಲೇ ನೋಡುತ್ತೇನೆ. ಅಂಗೈ ಇಟ್ಟರೆ ಬೇರಿಂಗ್ ಸವೆದದ್ದು, ಬೋಲ್ಟ್ ಸಡಿಲಾದದ್ದು ಎಲ್ಲ ಗೊತ್ತಾಗುತ್ತದೆ. ಬಿಸಿ ಸೈಲೆನ್ಸರಿನ ಮೇಲೆ ಮಾತ್ರ ಕೈಯಿಡುವ ಹಾಗಿಲ್ಲವಲ್ಲ, ಸಿಕ್ಕಿಬಿದ್ದದ್ದು ಅಲ್ಲೇ.

ನಿನಗಂತೂ ಹೇಳಲೇಬಾರದು ಅಂತಿದ್ದೆ. ನಮ್ಮ ಮನೆಯಲ್ಲಿ ಕಿವಿ ಅಂದರೆ ನೀನು. ಪಕ್ಕದ ಬೀದಿಯಲ್ಲಿ ಲೋಟ ಬಿದ್ದರೆ ಅದು ಯಾವ ಸ್ವರ ಅಂತ ಹೇಳುತ್ತಿದ್ದವಳು. ಅಂಥವಳ ಅಣ್ಣ ಕಿವುಡ ಅಂತ ಹೇಳಿಕೊಳ್ಳಲು ನನಗೆ ನಾಚಿಕೆಯಾಯಿತು. ಎಂಥ ದಡ್ಡ ನಾಚಿಕೆ ನೋಡು.

ಅವತ್ತಿನದು ಕೇಳು. ಅರ ಕೆಳಗಿಟ್ಟು, ಚಹಾ ತರಿಸ್ಲಾ ಅಂತ ತಿರುಗಿದೆ. ನೀನಿಲ್ಲ. ಬಾಗಿಲು ತೆರೆದಿದೆ. ಮಹಡಿ ನೋಡಿದೆ, ಹಿತ್ತಲು ನೋಡಿದೆ, ಕೈಗೆ ಮೆತ್ತಿದ ಗ್ರೀಸಿನಲ್ಲೇ ಬಸ್ ಸ್ಟ್ಯಾಂಡಿಗೆ ಓಡಿದೆ. ಬಸ್ಸು ಹೊರಟುಹೋಗಿತ್ತು. ಭಾವ ತೀರಿಕೊಂಡಾಗ ನಾನು ತಡವಾಗಿ ಬಂದೆನಲ್ಲ, ಅದೇ ಮುನಿಸು ಇವಳಿಗೆ ಅಂದುಕೊಂಡೆ. ಹಕ್ಕಿನ ಮುನಿಸು, ಇಳಿಯಲಿ ಅಂತ ಕಾದೆ. ಆಮೇಲೆ ಕಾದದ್ದೇ ಅಭ್ಯಾಸವಾಯಿತು. ನಿನ್ನ ಮಾರ್ಚ್ ಕಾಗದದಲ್ಲಿ, ನಾನು ಕೇಳಿದೆ ನೀನು ತಲೆ ಎತ್ತಲಿಲ್ಲ ಅಂತ ಇದ್ದ ಸಾಲನ್ನು ಮತ್ತೆ ಮತ್ತೆ ಓದಿದೆ. ಏನು ಕೇಳಿದ್ದೆ ಅಂತ ಕೇಳಬೇಕು, ಕೇಳಿದರೆ ನನ್ನ ಗುಟ್ಟು ಹೊರಗೆ ಬೀಳುತ್ತದೆ. ಬಾಯಿ ಮುಚ್ಚಿಕೊಂಡೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅನ್ನುತ್ತಾರೆ, ಆ ಕೋಣ ನಾನೇ. ಆದರೆ ಪುಟ್ಟಿ, ಕೋಣನಿಗೆ ಮನಸ್ಸಿಲ್ಲ ಅಂತ ಮಾತ್ರ ತಿಳಿಯಬೇಡ.

ಮಹಡಿ ಕೋಣೆಯಲ್ಲಿ ಅವತ್ತು ಹಾಸಿಗೆ ಹಾಸಿಯೇ ಇಟ್ಟಿದ್ದೆ. ನೀನು ಬರುತ್ತೀಯ ಅಂತ ಗೊತ್ತಾದ ದಿನವೇ ಹಾಸಿದ್ದೆ. ಬಂದವಳನ್ನು ಇಲ್ಲೇ ಇದ್ದುಬಿಡು ಅನ್ನಬೇಕು, ಅವಳು ಮಾನಿಷ್ಠೆ, ಒಪ್ಪುತ್ತಾಳೋ ಇಲ್ಲವೋ, ಹೇಗೆ ಮಾತು ತೆಗೆಯಲಿ ಅಂತ ಯೋಚಿಸುತ್ತಲೇ ಅರ ಹಾಕುತ್ತಿದ್ದೆ. ಅದೇ ಮಾತನ್ನು ನೀನು ನನ್ನ ಬೆನ್ನ ಹಿಂದೆ ನಿಂತು ಕೇಳುತ್ತಿದ್ದೆ.

ಉತ್ತರ ಬಾಕಿ ಇತ್ತಲ್ಲ, ತಗೋ. ಬಾ. ಅವತ್ತೂ ಬಾ ಅನ್ನುತ್ತಿದ್ದೆ, ಇವತ್ತೂ ಬಾ, ಯಾವತ್ತು ಬೇಕಾದರೂ ಬಾ.

ನಿನ್ನ
ಅಣ್ಣ


ಜುಲೈ ೨೭

ನನ್ನ ಅಣ್ಣನಿಗೆ,

ಕಾಗದ ಬಂದಾಗ ನಾನು ಮಧ್ಯದ ಶಾಲೆಯಲ್ಲಿದ್ದೆ. ಅಂಚೆಯವನು ದಾರಿಯಲ್ಲೇ ಸಿಕ್ಕಿ ಕೊಟ್ಟ. ಪಿಯಾನೋದ ಮುಚ್ಚಳ ತೆಗೆದಿಟ್ಟು, ಅದರ ಮುಂದಿನ ಸ್ಟೂಲಿನ ಮೇಲೆ ಕೂತು ಓದಿದೆ. ಸಂಗೀತದ ಟೀಚರು ಬಂದು, "ಯಾಕ್ರೀ, ಏನಾಯ್ತು? ಯಾರಿಗಾದ್ರೂ ಹುಷಾರಿಲ್ವಾ?" ಅಂತ ಗಾಬರಿಯಾದಳು. "ನನ್ನಣ್ಣಂಗೆ ಕಿವಿ ಕೇಳ್ಸಲ್ವಂತೆ" ಅಂದೆ. ಅಂದವಳು ನಗುತ್ತಿದ್ದೆ. ಅವಳು ನನ್ನನ್ನು ನೋಡಿದ ನೋಟ ನೀನು ನೋಡಬೇಕಿತ್ತು! ಹೇಗೆ ವಿವರಿಸಲಿ? ನಿನ್ನ ಕಿವಿ ಹೋಯಿತಲ್ಲ ಅಂತ ಸಂಕಟವಾಯಿತು ಅಣ್ಣ, ನಿಜವಾಗಿ ಸಂಕಟವಾಯಿತು. ಅದರ ಜೊತೆಗೇ ಮೂರು ವರ್ಷದಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋಯಿತು. ಅವತ್ತು ಆ ಪಿಯಾನೋದ ಒಂದು ತಂತಿಯೂ ಸರಿಯಾಗಿ ಕೇಳಿಸಲಿಲ್ಲ, ಮರುದಿನ ಹೋಗಿ ಮತ್ತೆ ಮಾಡಿದೆ.

ಸುತ್ತು ಮುಗಿಯಿತು. ಮೇಲ್ವಿಚಾರಕಿ ಕೊನೆಯ ಶಾಲೆಗೆ ತಾನೇ ಬಂದಿದ್ದಳು. ನಿನ್ನ ಎಂಜಿನ್ನನ್ನು ಸುತ್ತ ತಿರುಗಿ ನೋಡಿ, "ಇಷ್ಟು ಚಿಕ್ಕದಾ?" ಅಂದಳು. ಒಪ್ಪಂದಕ್ಕೆ ಸಹಿ ಹಾಕಿ ಕೊಟ್ಟಳು. ಈ ಮನೆ, ಈ ಗುಡ್ಡ, ಈ ಹಳೇ ಪಿಯಾನೋಗಳು ಎಲ್ಲವೂ ನನ್ನವೇ ಆಗಿ ಉಳಿದವು. ಈಗ ಮನೆಯಲ್ಲಿ ಒಬ್ಬಳೇ ಇರಲೂ ಭಯವಿಲ್ಲ. ನಿನ್ನ ಮಹಡಿ ಕೋಣೆಗೆ ಬಂದು ಇದ್ದುಬಿಡುವ ಅಗತ್ಯ ಯಾವುದೂ ಉಳಿದಿಲ್ಲ.

ಅದಕ್ಕೇ ಧೈರ್ಯವಾಗಿ ಬರುತ್ತಿದ್ದೇನೆ. ಗುಡ್ಡದ ಶಾಲೆಗಳಿಗೆ ರಜೆ ಸಿಗುವುದೇ ಆಗಸ್ಟಿನಲ್ಲಿ, ಅದು ಮುಗಿಯುವವರೆಗೂ ನಿನ್ನ ಜೊತೆಗೇ ಇರುತ್ತೇನೆ. ಕಿವಿಯ ಡಾಕ್ಟರ ಹತ್ತಿರ ಹೋಗೋಣ. ಕಿವಿಯಲ್ಲಿಟ್ಟುಕೊಳ್ಳುವ ಸಣ್ಣ ಯಂತ್ರ ಬಂದಿದೆಯಂತೆ. ಅದನ್ನು ಆರಿಸುವವಳು ನಾನು, ನೀನು ಬಾಯಿ ಹಾಕಕೂಡದು. ಬೇಡ ಅಂದರೆ ಎದುರಿಗೆ ಕೂತು ಗಟ್ಟಿಯಾಗಿ ಜಗಳವಾಡುತ್ತೇನೆ, ಅಷ್ಟಿಷ್ಟು ಕೇಳಿಸುತ್ತದೆ ಅಂತ ನೀನೇ ಬರೆದಿದ್ದೀಯ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ನಾನು ಬಾಗಿಲು ತಟ್ಟಿದರೆ ನಿನಗೆ ಕೇಳಿಸುವುದಿಲ್ಲ. ತೆರೆದಿಟ್ಟಿರು.

ನಿನ್ನ
ಪುಟ್ಟಿ